ಮೂರಕ್ಕೆ ಮುಂಚಿನ ಮಳೆ

ಕಂತು ಹನ್ನೊಂದು

“ಒಳಗೆ ಇಷ್ಟೊಂದು ಕುರ್ಚಿ ಖಾಲಿ ಇವೆಯಲ್ಲ ಅಂಕಲ್, ಆ ಒದ್ದೆ ಬೆಂಚಿನ ಮೇಲೆ ಯಾಕೆ ಕೂತಿದ್ದೀರಿ?”

ಇನ್‌ಸ್ಪೆಕ್ಟರ್ ಕಲ್ಸೋಮ್ ಕೇಳಿದ್ದು ಸುಮ್ಮನೆ ಮಾತಿಗೆ. ಪಾರ್ಕಿನ ದೊಡ್ಡ ಗೇಟಿನ ಎದುರಿಗೆ ಗೈಕ್ ಚೂ ನಡೆಸುವ ಕಾಫಿ ಅಂಗಡಿಯಲ್ಲಿ ಹನ್ನೊಂದು ಗಂಟೆಗೆ ಒಂದು ಲೋಟ ಕಪ್ಪು ಕಾಫಿ ಕುಡಿಯುವುದು ಅವಳ ಇಪ್ಪತ್ತು ವರ್ಷದ ಅಭ್ಯಾಸ.

ಬೆಂಚಿನ ಮೇಲಿದ್ದವರು ತಿಯಮ್ ಸೂನ್. ಎಪ್ಪತ್ತೆಂಟು ವರ್ಷ. ಒಂದು ಕಾಲದಲ್ಲಿ ಶಾಲಾ ಬಸ್ಸು ಓಡಿಸುತ್ತಿದ್ದವರು. ಕಲ್ಸೋಮ್‌ಳನ್ನು ಎರಡು ಜಡೆಯ ಕಾಲದಿಂದ ಬಲ್ಲವರು.

“ಸೋತಿದ್ದೀನಿ ಸೋಮ್,” ಎಂದರು, ಪ್ಯಾಂಟಿನ ಹಿಂಭಾಗವನ್ನು ಹಿಂಡಿಕೊಳ್ಳುತ್ತ. “ಸೋತವನು ವಾರಪೂರ್ತಿ ದಂಬೆ ಕೆಳಗೇ ಕೂರಬೇಕು. ಇನ್ನೂ ಐದು ದಿನ ಇದೆ.”

“ಅವರ ಜೊತೆ ಮಾತಾಡ್ಬೇಡಿ ಪುವಾನ್, ಸೋಲು ಅಂಟುತ್ತೆ!” ಗೈಕ್ ಚೂ ಒಳಗಿನಿಂದ ಕೂಗಿದಳು. ಊರಿನವರಿಗೆಲ್ಲ ಕಲ್ಸೋಮ್ ‘ಪುವಾನ್’, ಅಂದರೆ ಮೇಡಂ. ಮೇಜಿನ ಸುತ್ತ ಕೂತಿದ್ದ ಮುದುಕರೆಲ್ಲ ನಕ್ಕರು.

ತವರದ ಗಣಿ ನಡೆಯುತ್ತಿದ್ದ ಕಾಲದಿಂದಲೂ ಆ ಊರಿನ ಗಂಡಸರಿಗೆ ಮಳೆಯ ಮೇಲೆ ಬಾಜಿ ಕಟ್ಟುವ ಚಟ. ಮಳೆ ಬರುತ್ತದೋ ಇಲ್ಲವೋ ಎಂದಲ್ಲ. ಅಲ್ಲಿ ಮಳೆ ದಿನಾ ಬರುತ್ತದೆ. ಮಧ್ಯಾಹ್ನ ಮೂರಕ್ಕೆ ಮುಂಚೆಯೋ, ಮೂರರ ಆಮೇಲೋ, ಅಷ್ಟೇ ಪ್ರಶ್ನೆ. ತೀರ್ಪು ಕೊಡುವುದು ಅಂಗಡಿಯ ಮಾಡಿನ ನೀರು ಇಳಿಸುವ ತಗಡಿನ ದಂಬೆ. ನಾಲ್ಕು ಹನಿ ಬಿದ್ದರೆ ಅದು ಮಳೆಯಲ್ಲ. ದಂಬೆಯ ಬಾಯಿಂದ ನೀರು ಸುರಿದು, ಕೆಳಗೆ ಬೋರಲು ಹಾಕಿರುವ ಬಿಸ್ಕತ್ತಿನ ಡಬ್ಬಿ ಟಣ್ ಎಂದಾಗಲೇ ಮಳೆ.

ಕಲ್ಸೋಮ್ ಲೋಟ ಎತ್ತಿದವಳು ಅಲ್ಲೇ ನಿಲ್ಲಿಸಿದಳು.

“ಯಾವತ್ತಿನ ಬಾಜಿ ಅಂಕಲ್ ಇದು?”

“ಮಂಗಳವಾರದ್ದು.”

“ನೀವು ಯಾವ ಕಡೆ ಕಟ್ಟಿದ್ರಿ?”

“ನಾನು ಯಾವಾಗಲೂ ಮೂರರ ಆಮೇಲೆ. ನಮ್ಮಪ್ಪನೂ ಅದೇ. ಮನೆತನದ್ದು.”

“ಅಂದ್ರೆ ಮಂಗಳವಾರ...”

“ಮೂರಕ್ಕೆ ಮುಂಚೆನೇ ಬಂತು, ಹಾಳಾದ್ದು! ನಾಲ್ಕೇ ನಿಮಿಷ ಮುಂಚೆ. ಈ ಗೈಕ್ ಚೂ ಗಡಿಯಾರ ಮುಂದಿದೆ ಅಂತ ನಾನು ಜಗಳಕ್ಕೆ ನಿಂತೆ. ಡಬ್ಬಿ ಬಡ್ಕೋತಾನೇ ಇತ್ತು, ನಾವು ಕೂಗಾಡ್ತಾನೇ ಇದ್ವಿ, ಆಮೇಲೆ ರೇಡಿಯೋದಲ್ಲಿ ಮೂರು ಗಂಟೆಯ ಪೀಂ ಪೀಂ ಬಂತು. ಎಲ್ಲರೂ ಕೇಳಿಸ್ಕೊಂಡ್ರು. ಇನ್ನೇನು ಮಾಡ್ಲಿ? ಬಂದು ಇಲ್ಲಿ ಕೂತೆ.”

ಕಲ್ಸೋಮ್ ಒಳಗಿದ್ದ ಒಬ್ಬೊಬ್ಬರನ್ನೂ ಕೇಳಿದಳು. ಏಳು ಜನ, ಏಳೂ ಬಾಯಲ್ಲಿ ಅದೇ ಮಾತು. ದಿನಾ ಬರುವ ಮಳೆಗೆ ಆ ಊರಿನಲ್ಲಿ ಬೇರೆ ಯಾರೂ ಗಡಿಯಾರ ನೋಡುವುದಿಲ್ಲ. ಮಂಗಳವಾರ ಮಳೆ ಎಷ್ಟು ಹೊತ್ತಿಗೆ ಬಂತು ಎಂದು ಎರಡು ದಿನದಿಂದ ಅವಳು ಊರೆಲ್ಲ ಕೇಳಿದ್ದಳು, ಎಲ್ಲರದ್ದೂ ಒಂದೇ ಉತ್ತರ, “ಮಾಮೂಲಿ ಹೊತ್ತಿಗೇ ಪುವಾನ್.” ದಿನಾ ಕಾಫಿ ಕುಡಿಯುವ ಅಂಗಡಿಯಲ್ಲೇ ಕೇಳಲು ಅವಳಿಗೆ ಹೊಳೆದಿರಲಿಲ್ಲ.

ಮಂಗಳವಾರ ಪಾರ್ಕಿನ ನೆಲದಡಿಯ ಇಟ್ಟಿಗೆ ಮೋರಿಯಲ್ಲಿ, ಹೂಳು ತೆಗೆಯಲು ಇಳಿದಿದ್ದ ಸಾಬ್ರಿ ಎಂಬವನು ಮುಳುಗಿ ಸತ್ತಿದ್ದ. ಮೇಲಿನ ಕೆರೆಯ ತೂಬು ತೆಗೆದ ನೀರುಗಂಟಿ ಅರುಳಾಂಡಿಯನ್ನು ನಿನ್ನೆ ಕಲ್ಸೋಮ್ ತಾನೇ ಕೈಗೆ ಕೋಳ ಹಾಕಿ ತಂದಿದ್ದಳು. ಇವತ್ತು ಎರಡು ಗಂಟೆಗೆ ಅವನನ್ನು ಕೋರ್ಟಿಗೆ ಒಪ್ಪಿಸಬೇಕು. ಕೊಲೆಯ ಆಪಾದನೆ ಒಮ್ಮೆ ಓದಿದರೆ ಮುಗಿಯಿತು. ಆಮೇಲೆ ಅವನಿಗೆ ಜಾಮೀನಿಲ್ಲ. ಅರುಳಾಂಡಿಗೆ ಅರವತ್ತಾರು ವರ್ಷ.

ಅವಳು ಚೀಲದಿಂದ ಒಂದು ಕಾಗದ ತೆಗೆದಳು. ಪಾರ್ಕಿನ ಮಳೆಮಾಪಕದ ವರದಿ. ಮೊದಲ ಸಾಲಿನಲ್ಲೇ ಇತ್ತು: ಮಳೆ ಶುರು, ಮೂರು ಗಂಟೆ ನಲವತ್ತು ನಿಮಿಷ.

ತೂಬು ತೆಗೆದಾಗ ಕೆರೆಯ ನೀರು ಆ ಮೋರಿಯಲ್ಲೇ ಹರಿದು ಬಸ್ ನಿಲ್ದಾಣದ ಸೇತುವೆ ಕೆಳಗೆ ಹೊರಬೀಳುತ್ತದೆ. ಅಲ್ಲಿನ ಕ್ಯಾಮೆರಾಕ್ಕೆ ಆಕಾಶ ಕಾಣುವುದಿಲ್ಲ, ಮೋರಿಯ ಬಾಯಿ ಕಾಣುತ್ತದೆ. ನೀರು ಧುಮುಕಿದ್ದು ಮೂರು ಇಪ್ಪತ್ತೆರಡಕ್ಕೆ. ಅಂದರೆ ಮಳೆಗೆ ಹದಿನೆಂಟು ನಿಮಿಷ ಮೊದಲು, ಒಣ ಆಕಾಶದ ಕೆಳಗೆ, ಅರುಳಾಂಡಿ ತೂಬು ತೆಗೆದಿದ್ದ. ಮಳೆಯಿಲ್ಲದೆ ತೂಬು ತೆಗೆಯಲು ಯಾವ ನೀರುಗಂಟಿಗೂ ಕಾರಣವಿಲ್ಲ. ಅದರ ಹಿಂದಿನ ದಿನವೇ, ಸಾಬ್ರಿ ಕೆರೆಯಲ್ಲಿ ಮೀನಿಗೆ ಗಾಳ ಹಾಕಿದ್ದಕ್ಕೆ ಇಬ್ಬರಿಗೂ ಕೈಕೈ ಮಿಲಾಯಿಸುವಷ್ಟು ಜಗಳವಾಗಿತ್ತು. ಕೇಸು ನಿಂತಿದ್ದು ಅಷ್ಟರ ಮೇಲೆ.

ಅರುಳಾಂಡಿ ಹೇಳಿದ್ದು ಒಂದೇ ಮಾತು. “ಮಳೆ ಬರ್ತಿತ್ತು ಪುವಾನ್. ಕೆರೆ ಕೆಂಪು ಗೆರೆ ಮುಟ್ಟಿತ್ತು. ಸೈರನ್ ಕೂಗಲಿಲ್ಲ. ಅದಕ್ಕೇ ತೆಗೆದೆ.”

ಪಾರ್ಕಿನ ಕಟ್ಟಳೆ ಅದು. ಕೆರೆಯ ನೀರು ಕೆಂಪು ಗೆರೆ ಮುಟ್ಟಿದರೆ ತೂಬು ತೆಗೆಯಬೇಕು. ಮೋರಿಯೊಳಗೆ ಆಳು ಇರುವಾಗ ಮಳೆ ಶುರುವಾದರೆ ಆಫೀಸಿನಿಂದ ಸೈರನ್ ಕೂಗಿಸಬೇಕು. ಸೈರನ್ ಕೂಗಿದರೆ ಒಳಗಿನವನು ಮೇಲೆ ಬರುತ್ತಾನೆ, ನೀರುಗಂಟಿ ತೂಬು ಮುಟ್ಟದೆ ಕಾಯುತ್ತಾನೆ. ಕೂಗದಿದ್ದರೆ ಒಳಗೆ ಯಾರೂ ಇಲ್ಲವೆಂದೇ ಅರ್ಥ.

“ಮಿಷನ್ ಸುಳ್ಳು ಹೇಳುತ್ತಾ?” ಎಂದು ಅವಳು ಈ ಕಾಗದವನ್ನು ಅವನ ಮುಖಕ್ಕೆ ಹಿಡಿದಿದ್ದಳು. ಅರುಳಾಂಡಿ ಕಾಗದ ನೋಡಿದ, ಅವಳನ್ನು ನೋಡಿದ.

ಈಗ ಅದೇ ಕಾಗದದ ಕೊನೆಯಲ್ಲಿದ್ದ ರುಜುವನ್ನು ಅವಳು ನೋಡಿದಳು. ದುಂಡಗಿನ, ಓದಿಸಿಕೊಳ್ಳುವ ಅಕ್ಷರ. ಆ ಅಕ್ಷರ ತಿದ್ದಿಸಿದ್ದೂ ಅವಳೇ.

“ಕಾಫಿ ಆರ್ತಿದೆ ಪುವಾನ್,” ಎಂದಳು ಗೈಕ್ ಚೂ.

ಕಲ್ಸೋಮ್ ಆಗಲೇ ರಸ್ತೆ ದಾಟುತ್ತಿದ್ದಳು.

*

ಒಂದು ಆಸೆ ಇತ್ತು. ಯಂತ್ರ ಕೆಟ್ಟಿರಬಹುದು. ಮಳೆಮಾಪಕದ ಬಾಯಿಗೆ ಎಲೆ ಸಿಕ್ಕಿಕೊಂಡಿರಬಹುದು, ಇರುವೆ ಗೂಡು ಕಟ್ಟಿರಬಹುದು. ಯಂತ್ರ ತಪ್ಪು ಹೇಳಿತ್ತು, ಇಂಜಿನಿಯರ್ ನಂಬಿದ, ಪೊಲೀಸರೂ ನಂಬಿದರು. ಹಾಗೇ ಆಗಿರಲಿ ಎಂದು ಅವಳು ಬೇಡಿಕೊಂಡಳು.

ವರದಿಗೆ ರುಜು ಹಾಕಿದ್ದ ಪಾರ್ಕಿನ ಆ ಇಂಜಿನಿಯರ್ ಹಿಶಾಮ್. ಆರು ವರ್ಷದವನಿದ್ದಾಗ ಅವನ ತಾಯಿ ಸತ್ತಳು. ಪಕ್ಕದ ಮನೆಯಲ್ಲಿದ್ದ ಕಲ್ಸೋಮ್‌ಳ ಅಮ್ಮ ಅವನನ್ನು ಎತ್ತಿಕೊಂಡು ಬಂದು ತನ್ನ ಮಕ್ಕಳ ಸಾಲಿನಲ್ಲಿ ಕೂರಿಸಿ ಅನ್ನ ಹಾಕಿದಳು. ಅಂದಿನಿಂದ ಅವನು ತಮ್ಮ, ಅವಳು ಅವನ ‘ಕಾಕ್’, ಅಕ್ಕ. ಮಳೆಗಾಲದಲ್ಲಿ ಸಂತೆಬೀದಿಗೆ ನೀರು ನುಗ್ಗಿದಾಗ ಕಲ್ಸೋಮ್ ಅವನನ್ನು ಸೈಕಲ್ಲಿನ ಹಿಂದೆ ನಿಲ್ಲಿಸಿಕೊಂಡು, ಮೊಣಕಾಲುದ್ದ ನೀರಿನಲ್ಲಿ ತಳ್ಳಿಕೊಂಡು ಶಾಲೆಗೆ ಒಯ್ಯುತ್ತಿದ್ದಳು. “ದೊಡ್ಡವನಾದ ಮೇಲೆ ಈ ನೀರನ್ನ ಇಲ್ಲಿಗೆ ಬರೋಕೆ ಬಿಡಲ್ಲ ಕಾಕ್,” ಎನ್ನುತ್ತಿದ್ದ, ಅಕ್ಕನ ಹೆಗಲು ಬಿಗಿಯಾಗಿ ಹಿಡಿದು.

ಹೇಳಿದ ಹಾಗೇ ಮಾಡಿದ. ನೂರ ಮೂವತ್ತು ವರ್ಷದ ಆ ಪಾರ್ಕಿನಲ್ಲಿ, ಹಳೆಯ ಮಳೆಮರಗಳ ಬೇರಿಗೆ ಪೆಟ್ಟಾಗದಂತೆ, ಅಲ್ಲಲ್ಲಿ ಇಂಗುಗುಂಡಿ ತೋಡಿಸಿದ. ಜೊಂಡು ನೆಡಿಸಿದ. ಊರಿನ ಮಾಡುಗಳಿಂದ, ರಸ್ತೆಗಳಿಂದ ಹರಿದು ಬರುವ ನೀರು ಮೊದಲು ಆ ಗುಂಡಿಗಳಲ್ಲಿ ನಿಂತು, ಇಂಗಿ, ಮಿಕ್ಕಿದ್ದು ನಿಧಾನಕ್ಕೆ ಕೆರೆಗೆ ಹೋಗುವಂತೆ ಮಾಡಿದ. ಎರಡು ವರ್ಷದಿಂದ ಸಂತೆಬೀದಿಯಲ್ಲಿ ಯಾರ ಚಪ್ಪಲಿಯೂ ತೇಲಿಲ್ಲ.

ಕಲ್ಸೋಮ್ ಕೆರೆಯ ದಂಡೆಯ ದಾರಿಯಲ್ಲಿ ನಡೆದಳು. ಮೂರನೆಯ ಮಳೆಮರದ ಹತ್ತಿರ ಅವಳ ಕಾಲು ತಾನಾಗಿ ನಿಂತಿತು.

ಇಂಗುಗುಂಡಿ ಎಲ್ಲಿ?

ಅಲ್ಲಿ ಜೊಂಡಿರಲಿಲ್ಲ. ಗುಂಡಿಯೂ ಇರಲಿಲ್ಲ. ಹೊಸ ಕೆಂಪುಮಣ್ಣು ತುಂಬಿ ಸಮ ಮಾಡಿ, ಕೆಂಪು ಹಳದಿ ಕಾಬಾಳೆ ಹೂಗಿಡಗಳನ್ನು ಸಾಲಾಗಿ ನೆಟ್ಟಿದ್ದರು. ಮುಂದಿನ ಗುಂಡಿಯೂ ಹಾಗೇ. ಅದರ ಮುಂದಿನದೂ. ನಿನ್ನೆಯ ಮಳೆಯ ನೀರು ಮಡಿಯ ಮೇಲೆ ಇಂಗದೆ, ಅಂಚಿನಿಂದ ಜಾರಿ, ದಾರಿಯುದ್ದಕ್ಕೂ ಕೆರೆಯ ಕಡೆ ಗೀರು ಕೊರೆದಿತ್ತು.

ಅವಳು ಬಗ್ಗಿ ಮಣ್ಣು ಮುಟ್ಟಿದಳು. ಹತ್ತು ದಿನಕ್ಕಿಂತ ಹಳೆಯದಲ್ಲ.

*

“ಬಾ ಕಾಕ್! ಊಟ ಆಯ್ತಾ?”

ಪಾರ್ಕಿನ ಆಫೀಸಿನಲ್ಲಿ ಹಿಶಾಮ್ ಎದ್ದು ಕುರ್ಚಿ ಎಳೆದುಕೊಟ್ಟ. ನಲವತ್ತು ದಾಟಿದರೂ ಕೆನ್ನೆಯಲ್ಲಿ ಗುಳಿ ಬೀಳುವ ಮುಖ. ಗೋಡೆಯ ತುಂಬ ಪಾರ್ಕಿನ ಹಳೆಯ ನಕ್ಷೆಗಳು. ಕಿಟಕಿಯಾಚೆ, ಹುಲ್ಲಿನ ನಡುವೆ, ಬೇಲಿ ಹಾಕಿದ ಮಳೆಮಾಪಕ ಕಾಣುತ್ತಿತ್ತು. ಗೈಕ್ ಚೂ ಅಂಗಡಿಯಿಂದ ಅಲ್ಲಿಗೆ ಹೆಚ್ಚೆಂದರೆ ಇನ್ನೂರು ಹೆಜ್ಜೆ. ಮಳೆ ಅಲ್ಲಿ ಬಿದ್ದು ಇಲ್ಲಿ ಬೀಳದಿರಲು ಸಾಧ್ಯವಿರಲಿಲ್ಲ.

“ಆಯ್ತು,” ಎಂದಳು ಕಲ್ಸೋಮ್. ಆಗಿರಲಿಲ್ಲ.

“ಮುಖ ಯಾಕೆ ಹಿಂಗಿದೆ? ಅರುಳಾಂಡಿ ವಿಷಯನಾ? ಬೇಜಾರು ಮಾಡ್ಕೋಬೇಡ. ನಿನ್ನ ಕೆಲಸ ನೀನು ಮಾಡಿದ್ದೀಯ.”

“ಹೌದು. ಕೆಲಸವೇ ಅಲ್ವಾ.” ಅವಳು ಸ್ಕಾರ್ಫಿನ ಅಂಚಿನಿಂದ ಹಣೆ ಒರೆಸಿಕೊಂಡಳು. ಬಂದ ವಿಷಯ ಕೇಳಲು ಬಾಯಿ ಬರಲಿಲ್ಲ. ಬೇರೆ ಮಾತೆತ್ತಿದಳು. “ತಿಯಮ್ ಸೂನ್ ಅಂಕಲ್‌ನ ನೋಡಿದ್ಯಾ? ದಂಬೆ ಕೆಳಗೆ ಕೂತಿದ್ದಾರೆ, ನೆಂದ ಕೋಳಿ ಹಾಗೆ.”

ಹಿಶಾಮ್ ನಕ್ಕ. “ಮತ್ತೆ ಸೋತ್ರಾ?”

“ಮಂಗಳವಾರದ ಬಾಜಿಯಂತೆ.”

“ಅಯ್ಯೋ, ಆ ಮುದುಕನಿಗೆ ಬುದ್ಧಿ ಬರಲ್ಲ ಬಿಡು! ನಾನು ಚಡ್ಡಿ ಹಾಕ್ಕೋತಿದ್ದಾಗಿಂದ ಮೂರರ ಆಮೇಲೆ ಅಂತಾನೇ ಕಟ್ಟೋದು. ಮಂಗಳವಾರ ಮಧ್ಯಾಹ್ನ ಆಕಾಶ ಹೆಂಗಿತ್ತು ಅಂತ ಒಂದು ಸಲ ತಲೆ ಎತ್ತಿ ನೋಡಿದ್ರೆ ಸಾಕಿತ್ತು, ಎಮ್ಮೆಗೂ ಗೊತ್ತಾಗ್ತಿತ್ತು...”

ಮಾತು ಅಲ್ಲಿಗೆ ನಿಂತಿತು.

ಕಲ್ಸೋಮ್ ಮೇಜಿನ ಮೇಲೆ ಕಾಗದ ಬಿಚ್ಚಿಟ್ಟಳು.

“ಮುಗಿಸು,” ಎಂದಳು.

ಅವನು ಕಾಗದ ನೋಡಲಿಲ್ಲ.

“ನಿನ್ನ ಕಾಗದದ ಪ್ರಕಾರ ಮಳೆ ಬಂದಿದ್ದು ಮೂರು ನಲವತ್ತಕ್ಕೆ. ಮೂರರ ಆಮೇಲೆ ಅಂತ ಕಟ್ಟಿದವರು ಗೆದ್ದಿರಬೇಕಲ್ಲ ಹಿಶಾಮ್. ಅವರು ಸೋತರು ಅಂದ್ರೆ ನಿನಗೆ ನಗು ಬಂತು. ಆಶ್ಚರ್ಯ ಆಗಲಿಲ್ಲ.”

“ಕಾಕ್...”

“ಯಂತ್ರ ಕೆಟ್ಟಿರಲಿ ಅಂತ ಬೇಡ್ಕೊಂಡು ಬಂದೆ ಕಣೋ. ದಾರಿಯುದ್ದಕ್ಕೂ ಬೇಡ್ಕೊಂಡು ಬಂದೆ.”

ಹಿಶಾಮ್ ಕೂತ. ಕೂತ ಮೇಲೆ ಅವನು ಸಣ್ಣವನಾದಂತೆ ಕಂಡ.

“ಐದು ನಿಮಿಷ ಕಾಯೋಣ ಅಂದ್ಕೊಂಡೆ, ಅಷ್ಟೇ,” ಎಂದ. “ಪಾರ್ಕು ನೋಡೋಕೆ ಹೊರದೇಶದ ತಂಡ ಬಂದಿತ್ತು. ಹಳೇ ಪಾರ್ಕುಗಳಲ್ಲಿ ಮಳೆನೀರಿನ ಕೆಲಸ ಚೆನ್ನಾಗಿ ಎಲ್ಲಿ ಆಗಿದೆ ಅಂತ ಆರಿಸೋರು. ಇದೇ ಕಿಟಕಿ ಹತ್ರ ನಿಂತಿದ್ರು. ‘ನಮ್ಮ ಇಂಗುಗುಂಡಿ ಬಂದ ಮೇಲೆ ಎರಡು ವರ್ಷದಿಂದ ಸೈರನ್ನೇ ಕೂಗಿಸಿಲ್ಲ’ ಅಂತ ನಾನು ಆಗ ತಾನೇ ಹೇಳಿದ್ದೆ. ಹೇಳಿ ಬಾಯಿ ಮುಚ್ಚಿಲ್ಲ, ಹನಿ ಬಿತ್ತು.”

“ಸಾಬ್ರಿ ಒಳಗಿದ್ದಾನೆ ಅಂತ ನಿನಗೆ ಗೊತ್ತಿತ್ತು.”

“ಗೊತ್ತಿತ್ತು. ಆದ್ರೆ ಕೆರೆ ಕೆಂಪು ಗೆರೆ ಮುಟ್ಟೋಕೆ ಒಂದು ಗಂಟೆ ಬೇಕು ಕಾಕ್. ಲೆಕ್ಕ ನನ್ನದೇ. ಅಷ್ಟರಲ್ಲಿ ಇವರನ್ನ ಕಳಿಸಿ, ಸೈರನ್ ಒತ್ತಿದ್ರಾಯ್ತು ಅಂದ್ಕೊಂಡೆ. ಸಾಬ್ರಿಗೆ ಮೊಬೈಲ್‌ನಲ್ಲಿ ಮೆಸೇಜೂ ಹಾಕಿದೆ.”

“ನೆಲದಡಿ ಇರೋನಿಗೆ ಮೆಸೇಜು.”

ಅವನು ಮೇಜಿನ ಮೇಲಿದ್ದ ಮೊಬೈಲನ್ನು ಬೋರಲು ಹಾಕಿದ.

“ಒಂದು ಗಂಟೆ ಬೇಕಾಗಿದ್ದು ಗುಂಡಿಗಳು ಗುಂಡಿಗಳಾಗಿದ್ದಾಗ,” ಎಂದಳು ಕಲ್ಸೋಮ್. ದನಿ ಏರಲಿಲ್ಲ. “ಮಣ್ಣು ತುಂಬಿ ಹೂವು ನೆಟ್ಟಿದ್ದೀಯಲ್ಲೋ. ನೀರು ಎಲ್ಲಿ ನಿಲ್ಲಬೇಕಿತ್ತು?”

“ಜೊಂಡು ಒಣಗಿ ಕಂದು ಆಗಿತ್ತು. ಫೋಟೋದಲ್ಲಿ ಚೆನ್ನಾಗಿ ಕಾಣ್ತಿರಲಿಲ್ಲ. ಅವರು ಹೋದ ಮೇಲೆ ತೆಗೆಸೋಣ ಅಂತ...”

“ಇಪ್ಪತ್ತು ಚಿಲ್ಲರೆ ನಿಮಿಷಕ್ಕೆ ಕೆರೆ ತುಂಬ್ತು. ಸೈರನ್ ಕೂಗಿಲ್ಲ, ಒಳಗೆ ಯಾರೂ ಇಲ್ಲ ಅಂತ ಅರುಳಾಂಡಿ ತೂಬು ತೆಗೆದ. ಸಾಬ್ರಿ ಸತ್ತ. ನೀನು ಸಂಜೆ ಕೂತು ಮಳೆಯ ಗಂಟೆ ತಿದ್ದಿದೆ.”

“ಅವನ ಮೇಲೆ ಹಾಕ್ಬೇಕು ಅಂತ ಅಲ್ಲ! ಮುದುಕ, ಮಳೆ ಬರೋ ಮುಂಚೆನೇ ತಪ್ಪಾಗಿ ತೆಗೆದ ಅಂತ ಬರ್ಕೊಂಡು ಕೈ ಬಿಡ್ತೀರಿ ಅಂದ್ಕೊಂಡೆ. ಮನೆಗೆ ಕಳಿಸ್ತೀರಿ ಅಷ್ಟೇ ಅಂತ. ಕೊಲೆ ಅಂತ ಬರೀತೀಯ ಅಂತ ನನಗೇನು ಗೊತ್ತಿತ್ತು? ನಾನು ಬರೆದಿದ್ದು ಬರೀ ಗಂಟೆ ಕಾಕ್. ಅವನ ಕೈಗೆ ಕೋಳ ಹಾಕಿದ್ದು ನೀನು.”

ಆ ಮಾತು ಬಂದು ತಾಗಿದ ಜಾಗ ಕಲ್ಸೋಮ್‌ಗೆ ಗೊತ್ತಾಯಿತು. ಎದೆಯ ಎಡಭಾಗಕ್ಕಲ್ಲ. ಬೆನ್ನಿಗೆ, ಎರಡು ಹೆಗಲಿನ ನಡುವೆ, ಸೈಕಲ್ಲಿನ ಹಿಂದೆ ನಿಂತ ಹುಡುಗ ಮುಖ ಆನಿಸುತ್ತಿದ್ದ ಜಾಗಕ್ಕೆ.

ಬೇರೆ ಯಾರು ಆ ಕಾಗದ ತಂದಿದ್ದರೂ ಅವಳು ಪರೀಕ್ಷಿಸುತ್ತಿದ್ದಳು. ಯಂತ್ರ ನೋಡುತ್ತಿದ್ದಳು, ಇನ್ನೊಬ್ಬ ಇಂಜಿನಿಯರನ್ನು ಕರೆಸುತ್ತಿದ್ದಳು. ತಮ್ಮ ತಂದಿದ್ದಾನೆಂದು ಓದಿ, ನಂಬಿ, ಒಬ್ಬ ಮುದುಕನ ಮುಖಕ್ಕೆ ಹಿಡಿದಳು. ಅವಳು ನಂಬುತ್ತಾಳೆ ಎಂಬುದು ಗೊತ್ತಿದ್ದೇ ಅವನು ಅದನ್ನು ಅಂಚೆಯಲ್ಲಿ ಕಳಿಸದೆ ಕೈಯಾರೆ ತಂದುಕೊಟ್ಟಿದ್ದ.

“ನಾನೇ ಕೇಸು ನೋಡ್ತೀನಿ ಅಂತ ಗೊತ್ತಾಗಿಯೇ ತಂದ್ಯಾ?” ಎಂದು ಕೇಳಿದಳು.

“ಬೇರೆಯವರಾಗಿದ್ರೆ ಧೈರ್ಯ ಬರ್ತಿರಲಿಲ್ಲ,” ಎಂದ.

ಕಲ್ಸೋಮ್ ಗಡಿಯಾರ ನೋಡಿದಳು. ಹನ್ನೆರಡೂವರೆ ದಾಟಿತ್ತು. ಒಂದು ಬಿಳಿ ಹಾಳೆ ಎಳೆದು ಅವನ ಮುಂದಿಟ್ಟಳು.

“ಬರಿ.”

“ಏನಂತ?”

“ಈಗ ಹೇಳಿದ್ದೆಲ್ಲ. ಮಳೆ ಎರಡು ಐವತ್ತಾರಕ್ಕೆ ಬಂತು, ಸೈರನ್ ಕೂಗಿಸಲಿಲ್ಲ, ಆಮೇಲೆ ಗಂಟೆ ತಿದ್ದಿದೆ. ಕೆಳಗೆ ರುಜು ಹಾಕು.”

“ನನ್ನ ಕೆಲಸ ಹೋಗುತ್ತೆ. ಜೈಲಾಗುತ್ತೆ.”

“ಆಗುತ್ತೆ.”

“ನೀನು ನನ್ನ ಅಕ್ಕ.”

“ಅರುಳಾಂಡಿಗೂ ನಾನು ಎರಡು ದಿನದ ಹಿಂದಿನ ತನಕ ಮಗಳ ಹಾಗೇ ಇದ್ದೆ. ಬರಿ ಹಿಶಾಮ್. ಎರಡು ಗಂಟೆ ಆದ್ಮೇಲೆ ನೀನು ಬರೆದ್ರೂ ಒಂದೇ, ಬಿಟ್ರೂ ಒಂದೇ.”

ಅವನು ಪೆನ್ನು ತೆಗೆದ. ಮೊದಲ ಸಾಲು ಬರೆದ. ದುಂಡಗಿನ, ಓದಿಸಿಕೊಳ್ಳುವ ಅಕ್ಷರ. ಎರಡನೆಯ ಸಾಲು ಬರೆದ.

ಅವನು ಬರೆಯುತ್ತಿದ್ದಂತೆಯೇ ಕಲ್ಸೋಮ್ ಠಾಣೆಗೆ ಫೋನು ಹಚ್ಚಿದಳು. ಎತ್ತಿದವನು ಕಾರ್ಪೊರಲ್ ಜುಗಾ, ಸಮುದ್ರದಾಚೆಯ ಸರವಾಕಿನಿಂದ ಹೋದ ವರ್ಷ ವರ್ಗವಾಗಿ ಬಂದವನು.

“ಜುಗಾ, ಅರುಳಾಂಡಿಯನ್ನ ಕೋರ್ಟಿಗೆ ಕರ್ಕೊಂಡು ಹೋಗ್ಬೇಡ. ನಾನು ಬರೋ ತನಕ ನಿಲ್ಸು.”

“ಪುವಾನ್! ನಾನೇ ನಿಮಗೆ ಫೋನ್ ಮಾಡೋದ್ರಲ್ಲಿದ್ದೆ.” ಅವನ ದನಿಯಲ್ಲಿ ಹುಮ್ಮಸ್ಸಿತ್ತು. “ಕೆಲಸ ಆಯ್ತು ಪುವಾನ್. ಒಪ್ಕೊಂಡ.”

“ಯಾರು ಏನು ಒಪ್ಕೊಂಡ್ರು?”

“ಅರುಳಾಂಡಿ. ಮಳೆ ಬಂದೇ ಇರಲಿಲ್ಲ, ಸಾಬ್ರಿ ಒಳಗಿದ್ದಾನೆ ಅಂತ ಗೊತ್ತಿದ್ದೇ ತೂಬು ತೆಗೆದೆ ಅಂದ. ಅವನೇ ಕರೆದು ಹೇಳಿದ. ಹೇಳಿಕೆ ಬರ್ಕೊಂಡು, ಸಹಿ ಹಾಕಿಸ್ಕೊಂಡು, ಸರ್ಕಾರಿ ವಕೀಲರು ಆಗಲೇ ತಗೊಂಡು ಹೋದ್ರು.”

ನಿನ್ನೆ ಇಡೀ ದಿನ, ಎಷ್ಟು ಗದರಿಸಿದರೂ, ಆ ಮುದುಕ ಮಳೆ ಬರುತ್ತಿತ್ತು ಎಂಬ ಮಾತಿನಿಂದ ಒಂದು ಎಳೆಯೂ ಆಚೆ ಈಚೆ ಸರಿದಿರಲಿಲ್ಲ.

ಫೋನಿನ ದನಿ ಜೋರಾಗಿಯೇ ಕೇಳಿಸುತ್ತಿತ್ತು. ಅವಳು ಹಿಶಾಮ್‌ನ ಮುಖ ನೋಡಿದಳು. ಅವನಿಗೆ ಗಾಬರಿಯೂ ಆಗಿರಲಿಲ್ಲ, ಅಚ್ಚರಿಯೂ ಆಗಿರಲಿಲ್ಲ. ಅವನು ಬರೆಯುವುದನ್ನು ನಿಲ್ಲಿಸಿದ್ದ.

“ಜುಗಾ,” ಎಂದಳು ನಿಧಾನವಾಗಿ, “ನಾನು ಠಾಣೆ ಬಿಟ್ಟ ಮೇಲೆ ಅವನನ್ನ ಯಾರು ಬಂದು ನೋಡಿದ್ರು?”

“ಹೊರಗಿನವರು ಯಾರೂ ಇಲ್ಲ ಪುವಾನ್.”

“ಒಳಗಿನವರು?”

“ನಿಮ್ಮ ಅಮ್ಮ ಬಂದಿದ್ರು. ಹತ್ತೂವರೆಗೆ. ನಿಮ್ಮ ಅಮ್ಮ ಅಂತ ಬಿಟ್ಟೆ. ತಪ್ಪಾಯ್ತಾ ಪುವಾನ್? ಕಂಬಿ ಹಿಡ್ಕೊಂಡು ಅರ್ಧ ಗಂಟೆ ಮಾತಾಡಿದ್ರು. ಅವನು ಅತ್ತ. ಅವರು ಅಳಲಿಲ್ಲ. ಅವರು ಹೋದ ಮೇಲೇ ಅವನು ನನ್ನ ಕರೆದಿದ್ದು.”

ಮೇಜಿನಾಚೆ ಹಿಶಾಮ್ ಪೆನ್ನಿಗೆ ಮುಚ್ಚಳ ಹಾಕಿದ. ರುಜು ಇಲ್ಲದ ಎರಡು ಸಾಲಿನ ಹಾಳೆಯನ್ನು ಮಡಿಸಿ, ಮತ್ತೆ ಮಡಿಸಿ, ಅಂಗಿಯ ಜೇಬಿಗೆ ಇಳಿಸಿದ. ಅವನು ಅಕ್ಕನ ಕಡೆ ನೋಡಲಿಲ್ಲ.

“ಏನು ಮಾತಾಡಿದ್ರು?” ಕಲ್ಸೋಮ್ ಫೋನಿನಲ್ಲಿ ಕೇಳಿದಳು. “ನೀನು ಅಲ್ಲೇ ಇದ್ಯಲ್ಲ. ಅಮ್ಮ ಅವನಿಗೆ ಏನು ಹೇಳಿದ್ರು?”

“ಪಕ್ಕದಲ್ಲೇ ನಿಂತಿದ್ದೆ ಪುವಾನ್. ಆದ್ರೆ ನನಗೆ ಹೆಂಗೆ ಅರ್ಥ ಆಗ್ಬೇಕು? ಅವರು ಪೂರ್ತಿ ತಮಿಳಲ್ಲೇ ಮಾತಾಡಿದ್ರು.”

ಹುಟ್ಟಿದಂದಿನಿಂದ ಐವತ್ತೆರಡು ವರ್ಷದಲ್ಲಿ ಒಂದು ದಿನವೂ ಕಲ್ಸೋಮ್ ತನ್ನ ಅಮ್ಮನ ಬಾಯಲ್ಲಿ ತಮಿಳಿನ ಒಂದು ಅಕ್ಷರ ಕೇಳಿರಲಿಲ್ಲ.